ಗೋಬಿನಾ, ಬ್ಲೆನ್ನಿನಾ? ಮೊದಲು ಹೊಟ್ಟೆ ತಿರುಗಿಸಿ ನೋಡಿ

ಬಳ್ಳಾರಿಯಲ್ಲಿ 'ಗೋಬಿ' ಅಂದರೆ ಎಲ್ಲರಿಗೂ ಮಂಚೂರಿಯೇ ನೆನಪಾಗುತ್ತದೆ. ನಮ್ಮ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ನಲ್ಲಿ ಮಾತ್ರ ಅದು ಮೀನು. ಸಮುದ್ರದ ತಳದಲ್ಲಿ, ಕಲ್ಲಿನ ಸಂದಿಯಲ್ಲಿ ಕೂತಿರುವ ಬೆರಳುದ್ದದ ಮೀನು. ಟೇಬಲ್ ಮೇಲೆ ಇದರ ಬಾಟಲಿ ಕಂಡಾಗ ಕಳೆದ ಸಲ ನಾನು ಇದೇ ಥರ ಕಾಣುವ ಇನ್ನೊಂದು ಮೀನು ಬ್ಲೆನ್ನಿ ಅಂತ ಬರೆದು ಮಾರ್ಕ್ಸ್ ಕಳೆದುಕೊಂಡೆ. ನಿಮಗೆ ಹಾಗಾಗಬಾರದು ಅಂತ ಈ ಟಿಪ್ಪಣಿ.

ನನ್ನನ್ನು ಕೆಡಿಸಿದ್ದು ಬಣ್ಣ. ಕಾರವಾರ ಟೂರ್‌ನಲ್ಲಿ ತೆಗೆದ ಫೋಟೊ ನೆನಪಿಟ್ಟುಕೊಂಡು ಹೋಗಿದ್ದೆ. ಮೀನು ಕೆಡದಂತೆ ಇಡುವ ಫಾರ್ಮಾಲಿನ್ ದ್ರವಕ್ಕೆ ಬಿದ್ದ ಮೇಲೆ ಎಲ್ಲ ಮೀನೂ ಹಳೇ ಚಹಾದ ಬಣ್ಣ! ಬಣ್ಣ ಬಿಡಿ, ರೆಕ್ಕೆ ನೋಡಿ.

ಮೀನನ್ನು ಅಂಗಾತ ಮಲಗಿಸಿ. ಹೊಟ್ಟೆಯ ಎರಡು ರೆಕ್ಕೆ ಕೂಡಿಕೊಂಡು ಪುಟ್ಟ ಬಟ್ಟಲಿನಂತಾಗಿದ್ದರೆ ಅದು ಬಹುಮಟ್ಟಿಗೆ ಗೋಬಿ. ಅಲೆ ಹೊಡೆದಾಗ ಈ ಬಟ್ಟಲಿನಿಂದಲೇ ಅದು ಕಲ್ಲಿಗೆ ಅಂಟಿಕೊಳ್ಳುತ್ತದೆ. 'ಬಹುಮಟ್ಟಿಗೆ' ಅಂದಿದ್ದು ಸುಮ್ನೆ ಅಲ್ಲ. ಹವಳದ ದಿಬ್ಬದ ಕೆಲವು ಗೋಬಿಗಳಲ್ಲಿ ಈ ರೆಕ್ಕೆಗಳು ಬಿಡಿಬಿಡಿಯಾಗಿಯೇ ಇರುತ್ತವೆ. ಕ್ಲಿಂಗ್‌ಫಿಶ್‌ಗೂ ಹೊಟ್ಟೆಯಲ್ಲಿ ಅಂಟುವ ತಟ್ಟೆ ಇದೆ, ಆದರೆ ಅದರ ಬೆನ್ನಿಗೆ ಒಂದೇ ರೆಕ್ಕೆ. ಗೋಬಿಯ ಬೆನ್ನಿಗೆ ಸಾಮಾನ್ಯವಾಗಿ ಎರಡು: ಮುಂದಿನದರಲ್ಲಿ ಮೆತ್ತನೆ ಬಾಗುವ ಮುಳ್ಳುಗಳು, ಹೆಚ್ಚಾಗಿ ಆರು. ಮೈ ಪಕ್ಕದಲ್ಲಿ ಉದ್ದಕ್ಕೆ ಪಾರ್ಶ್ವರೇಖೆ (ನೀರಿನ ಅಲುಗಾಟ ಗ್ರಹಿಸುವ ಗೆರೆ) ಕಾಣುವುದಿಲ್ಲ.

ಬ್ಲೆನ್ನಿಗೆ ಬೆನ್ನಿನ ರೆಕ್ಕೆ ಕತ್ತಿನಿಂದ ಬಾಲದವರೆಗೆ ಉದ್ದಕ್ಕೆ ಒಂದೇ. ಹೊಟ್ಟೆಯ ರೆಕ್ಕೆ ಎದೆಯ ರೆಕ್ಕೆಗಿಂತ ಮುಂದೆ, ಗಂಟಲಿನ ಹತ್ತಿರ, ಎರಡು ಸಣ್ಣ ಬೆರಳಿನ ಹಾಗೆ ನೇತಾಡುತ್ತದೆ. ಇಷ್ಟು ನೋಡಿದ್ದರೆ ನನ್ನ ಮಾರ್ಕ್ಸ್ ಉಳಿಯುತ್ತಿತ್ತು, ಅಲ್ವಾ?

ಗೊಂದಲ ಮಾಡುವ ಮೂರನೆಯ ಮೀನು ಡ್ರ್ಯಾಗನೆಟ್. ಇದನ್ನು ಹತ್ತಿಯ ಮೇಲೆ ಇಟ್ಟರೆ ಕೆನ್ನೆಯ ಕೊಕ್ಕೆ ಮುಳ್ಳು ಸಿಕ್ಕಿಹಾಕಿಕೊಳ್ಳುತ್ತದೆ. ಮೈಮೇಲೆ ಹುರುಪೆ ಇಲ್ಲ. ಕಿವಿರಿನ ಬಾಯಿ ತಲೆಯ ಮೇಲ್ಭಾಗದಲ್ಲಿ ಸಣ್ಣ ತೂತು, ಅಷ್ಟೇ. ಗಂಡಿನ ಬೆನ್ನಿನ ರೆಕ್ಕೆ ಎಷ್ಟೋ ಜಾತಿಗಳಲ್ಲಿ ಪಟದ ಹಾಗೆ ಎತ್ತರ, ಹೆಣ್ಣಿನದು ಗಿಡ್ಡ. 1758ರಲ್ಲಿ, ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಯುರೋಪಿನ ಒಂದೇ ಡ್ರ್ಯಾಗನೆಟ್‌ನ ಗಂಡಿಗೊಂದು, ಹೆಣ್ಣಿಗೊಂದು ಜಾತಿಯ ಹೆಸರು ಕೊಟ್ಟುಬಿಟ್ಟಿದ್ದ. ನಾನು ಎಡವಿದ್ದಕ್ಕೆ ಇದರಿಂದ ಸ್ವಲ್ಪ ಸಮಾಧಾನ.

ಅಭ್ಯಾಸಕ್ಕೆ ಸಮುದ್ರ ಎಲ್ಲಿಂದ ತರೋದು ಅಂತೀರಾ? ಬೇಡ. ಗ್ಲೊಸೊಗೋಬಿಯಸ್ ಗಿಯುರಿಸ್ ಎಂಬ ಗೋಬಿ ನಮ್ಮ ತುಂಗಭದ್ರೆಯಲ್ಲೇ ಇದೆ. ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಹ್ಯಾಮಿಲ್ಟನ್ ಇದನ್ನು 1822ರಲ್ಲಿ ವರ್ಣಿಸಿದ. ನದಿ ಸಮುದ್ರ ಸೇರುವ ಅಳಿವೆಯಲ್ಲೂ ಇದು ಬದುಕುತ್ತದೆ. ಮುನಿರಾಬಾದ್ ಕಡೆ ಮೀನು ಮಾರುವವರ ಹತ್ತಿರ ಚಿಲ್ಲರೆ ಮೀನಿನ ಗುಡ್ಡೆಯಲ್ಲಿ ಹುಡುಕಿ. ಬಾಯಿ ಬಿಡಿಸಿದರೆ ನಾಲಿಗೆಯ ತುದಿ ಸೀಳಿದಂತಿರುತ್ತದೆ. ಹೆಸರಿನ 'ಗ್ಲೊಸೊ' ಗ್ರೀಕ್‌ನಲ್ಲಿ ನಾಲಿಗೆಯೇ. ಸೂಜಿಯಿಂದ ರೆಕ್ಕೆ ಬಿಡಿಸಿ ಎಣಿಸಿ: ಮುಂದಿನದರಲ್ಲಿ 6 ಮುಳ್ಳು, ಹಿಂದಿನದರಲ್ಲಿ 1 ಮುಳ್ಳು, ಆಮೇಲೆ 8 ಅಥವಾ 9 ಮೃದು ಕಡ್ಡಿ. ರೆಕಾರ್ಡ್‌ನಲ್ಲಿ ಮುಳ್ಳಿಗೆ ರೋಮನ್ ಅಂಕಿ, ಕಡ್ಡಿಗೆ ಮಾಮೂಲಿ ಅಂಕಿ.

ಉದ್ದವನ್ನು ಮೂತಿಯಿಂದ ಬಾಲದ ಬುಡದವರೆಗೆ ಅಳೆಯಿರಿ. ನಮ್ಮ ಬಿಸಿಲಿಗೆ ಬಾಟಲಿಯ ಸ್ಪಿರಿಟ್ ಆರಿ, ಹಳೇ ಮೀನಿನ ಬಾಲದ ತುದಿ ಮುರಿದಿರುವುದೇ ಜಾಸ್ತಿ.