ನಲವತ್ತು ದಾಟಿದ ಕ್ವಾರ್ಟರ್‌ಬ್ಯಾಕ್: ಒಂದೂಕಾಲು ಮೀಟರಿನ ಲೆಕ್ಕ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರನೇ ಕ್ವಾರ್ಟರ್‌ಬ್ಯಾಕ್. ಅಂಥ ಒಬ್ಬರ ಬಗ್ಗೆ ಮೊದಲು ಈ ಎರಡು ಸಾಲನ್ನು ಒಂದರ ಕೆಳಗೊಂದು ಬರೆದುಕೊಳ್ಳಿ.

ಬ್ರೆಟ್ ಫಾರ್ವ್, ಮಿನ್ನೆಸೋಟ ವೈಕಿಂಗ್ಸ್, 2009: 33 ಟಚ್‌ಡೌನ್ ಪಾಸ್ (ಅಂಕ ತಂದ ಎಸೆತ), 7 ಇಂಟರ್ಸೆಪ್ಷನ್ (ಎದುರಾಳಿ ಹಿಡಿದ ಎಸೆತ).
ಬ್ರೆಟ್ ಫಾರ್ವ್, ಅದೇ ತಂಡ, 2010: 11 ಟಚ್‌ಡೌನ್ ಪಾಸ್, 19 ಇಂಟರ್ಸೆಪ್ಷನ್.

ಮೊದಲನೆಯದು ಅವರಿಗೆ 40 ತುಂಬಿದ ಸೀಸನ್, ಎರಡನೆಯದು 41 ತುಂಬಿದ್ದು. ಆಟಗಾರ ಅವರೇ, ಜೆರ್ಸಿ ಅದೇ, ನಡುವೆ ಇದ್ದದ್ದು ಕೆಲವು ತಿಂಗಳ ಬಿಡುವು. ವಯಸ್ಸಾದ ಕ್ವಾರ್ಟರ್‌ಬ್ಯಾಕ್ ಎಷ್ಟು ಕಾಲ ಚೆನ್ನಾಗಿ ಆಡಬಲ್ಲರು ಎಂಬ ಪ್ರಶ್ನೆಯ ಗಂಟು ಇಲ್ಲೇ ಇದೆ. ದಿನೇ ದಿನೇ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಆಗುವುದು ಕತ್ತಲಲ್ಲಿ ಮೆಟ್ಟಿಲು ತಪ್ಪಿದ ಹಾಗೆ. ಯಾಕೆ ಹೀಗೆ ಅನ್ನುವುದನ್ನು ನನಗೆ ಅರ್ಥವಾದ ರೀತಿಯಲ್ಲಿ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಆಟ ಹೊಸದಾದವರಿಗೆ ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಸೆಂಟರ್ ತನ್ನ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದೇ ಸ್ನ್ಯಾಪ್. ಅಲ್ಲಿಂದ ಕ್ವಾರ್ಟರ್‌ಬ್ಯಾಕ್‌ಗೆ ಸಿಗುವುದು ಸುಮಾರು ಎರಡೂವರೆ ಸೆಕೆಂಡ್. ಮುಂದೆ ಐದು ಜನ ಲೈನ್‌ಮನ್‌ಗಳು ಗೋಡೆ ಕಟ್ಟಿ ನಿಲ್ಲುತ್ತಾರೆ, ಅವರ ಹಿಂದಿನ ಜಾಗಕ್ಕೆ ಪಾಕೆಟ್ ಅನ್ನುತ್ತಾರೆ. ಗೋಡೆ ಕುಸಿಯುವುದರೊಳಗೆ, ಓಡುತ್ತಿರುವ ರಿಸೀವರ್‌ಗಳಲ್ಲಿ ಒಬ್ಬರನ್ನು ಆರಿಸಿ ಎಸೆಯಬೇಕು. ಎದುರಾಳಿ ಹಿಡಿದರೆ ಇಂಟರ್ಸೆಪ್ಷನ್, ಎಸೆಯುವ ಮೊದಲೇ ಕೆಡವಿದರೆ ಸ್ಯಾಕ್.

ಒಬ್ಬರಿಗೇ ಎರಡು ವಯಸ್ಸು

ಚೆಂಡು ಹಿಡಿದು ನುಗ್ಗುವ ರನ್ನಿಂಗ್ ಬ್ಯಾಕ್‌ಗೆ 28 ಆಯಿತೆಂದರೆ ವಯಸ್ಸಾಯಿತು ಅಂತಲೇ ಮಾತು ಶುರುವಾಗುತ್ತದೆ. ಆ ವಯಸ್ಸಿಗೆ ಕ್ವಾರ್ಟರ್‌ಬ್ಯಾಕ್ ಇನ್ನೂ ಕೆಲಸ ಕಲಿಯುತ್ತಿರುತ್ತಾರೆ. ಅವರ ಕೆಲಸದ ಅರ್ಧ ಪಾಲು ನಡೆಯುವುದು ಸ್ನ್ಯಾಪ್‌ಗೆ ಮೊದಲು: ಎದುರಾಳಿಯ ಸೇಫ್ಟಿ (ಎಲ್ಲರ ಹಿಂದೆ ನಿಂತು ಕಾಯುವವನು) ಎಲ್ಲಿ ನಿಂತಿದ್ದಾನೆ, ಯಾರು ನುಗ್ಗಲಿದ್ದಾರೆ, ಯಾರು ನುಗ್ಗುವ ಹಾಗೆ ಬರೀ ನಟಿಸುತ್ತಿದ್ದಾರೆ, ಮೊದಲೇ ಹೇಳಿದ ಪ್ಲೇ, ಅಂದರೆ ಆ ಸರದಿಯ ಯೋಜನೆ, ಬದಲಿಸಬೇಕೇ. ಇದು ನೋಡಿ ನೋಡಿ ಪಳಗುವ ವಿದ್ಯೆ. ಹದಿನೈದು ವರ್ಷ ನೋಡಿದವರಿಗೆ ಐದು ವರ್ಷ ನೋಡಿದವರಿಗಿಂತ ಹೆಚ್ಚು ಕಾಣುತ್ತದೆ. ಹಾಗಾಗಿ ದೇಹದ ವಯಸ್ಸು ಇಳಿಮುಖವಾದ ಮೇಲೂ ತಲೆಯ ವಯಸ್ಸು ಏರುತ್ತಲೇ ಇರುತ್ತದೆ.

ಇದನ್ನು ಅರ್ಥ ಮಾಡಿಕೊಳ್ಳಲು ಪೇಟನ್ ಮ್ಯಾನಿಂಗ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2011ರಲ್ಲಿ, ಕುತ್ತಿಗೆಯ ಶಸ್ತ್ರಚಿಕಿತ್ಸೆ ಆದ ಮೇಲೆ, ಅವರು ಡೆನ್ವರ್‌ಗೆ ಹೋಗಿ ಕಾಲೇಜು ದಿನಗಳ ಗೆಳೆಯ, ಬೇಸ್‌ಬಾಲ್ ಆಟಗಾರ ಟಾಡ್ ಹೆಲ್ಟನ್ ಜೊತೆ ಯಾರಿಗೂ ಕಾಣದ ಹಾಗೆ ಚೆಂಡು ಎಸೆದು ನೋಡಿದರು. ಮೊದಲ ಎಸೆತ ಕೆಲವೇ ಯಾರ್ಡ್ ಹೋಗಿ ಮೂತಿ ಕೆಳಗಾಗಿ ನೆಲಕ್ಕೆ ಬಿತ್ತು. ಗೆಳೆಯ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಹೆಲ್ಟನ್ ನಕ್ಕರು. ಅದು ತಮಾಷೆ ಆಗಿರಲಿಲ್ಲ. ನರಕ್ಕೆ ಪೆಟ್ಟಾಗಿ ಬಲ ತೋಳಿನ ಹಿಂಭಾಗದ ಸ್ನಾಯುವಿನಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಆ ಇಡೀ ಸೀಸನ್ ಅವರು ಆಡಲಿಲ್ಲ. ಮುಂದೆ ಡೆನ್ವರ್ ಬ್ರಾಂಕೋಸ್ ಸೇರಿದ ಮೇಲೂ ಬೆರಳ ತುದಿಯ ಸ್ಪರ್ಶ ಪೂರ್ತಿ ಮರಳಲಿಲ್ಲ, ಎಸೆಯುವ ಕೈಗೆ ಗ್ಲೌಸ್ ಹಾಕಿಕೊಂಡು ಆಡಿದರು. ಅದೇ ಕೈಯಿಂದ 2013ರಲ್ಲಿ, 37ರ ವಯಸ್ಸಿನಲ್ಲಿ, 55 ಟಚ್‌ಡೌನ್ ಪಾಸ್ ಮತ್ತು ಪಾಸ್‌ಗಳಿಂದ ತಂಡ ಮುಂದೆ ಸಾಗಿದ ದೂರ 5,477 ಯಾರ್ಡ್. ಎರಡೂ ಆಗ ಒಂದು ಸೀಸನ್‌ನ ಹೊಸ ದಾಖಲೆ.

ತೋಳಿನ ಶಕ್ತಿ ಕುಂದಿದ ಮೇಲೆ ದಾಖಲೆ ಬರೆಯಲು ಹೇಗೆ ಸಾಧ್ಯ? ಸಾಧ್ಯವಾಗಿದ್ದರೆ, ಎರಡೇ ವರ್ಷದಲ್ಲಿ ಅದೆಲ್ಲ ಎಲ್ಲಿ ಹೋಯಿತು?

ಒಂದೂಕಾಲು ಮೀಟರ್

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಗಾಳಿಯ ತಡೆಯನ್ನು ಬಿಟ್ಟು ಹಾಕಿದ ಅಂದಾಜು ಲೆಕ್ಕ, ಆದರೆ ವಿಷಯ ತಿಳಿಯಲು ಸಾಕು.

ಮೈದಾನದ ಒಂದು ಬದಿಯಿಂದ ಇನ್ನೊಂದು ಬದಿಯ ಗೆರೆಯ ಹತ್ತಿರಕ್ಕೆ ಎಸೆಯುವ ಪಾಸ್ ಗಾಳಿಯಲ್ಲಿ ಸುಮಾರು 32 ಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗದ ಎಸೆತ ತಲುಪಲು 1.44 ಸೆಕೆಂಡ್ ಬೇಕು. ವಯಸ್ಸಿನಿಂದ ವೇಗ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿ 72ಕ್ಕೆ ಇಳಿದರೆ 1.6 ಸೆಕೆಂಡ್. ವ್ಯತ್ಯಾಸ 0.16 ಸೆಕೆಂಡ್, ಕಣ್ಣು ಮಿಟುಕಿಸುವಷ್ಟು. ಆದರೆ ರಿಸೀವರ್‌ನ ಬೆನ್ನು ಹತ್ತಿದ ಕಾರ್ನರ್‌ಬ್ಯಾಕ್ ಸೆಕೆಂಡಿಗೆ 8 ಮೀಟರ್ ಓಡುತ್ತಾನೆ. 0.16 ಸೆಕೆಂಡಿನಲ್ಲಿ ಅವನಿಗೆ ಪುಕ್ಕಟೆಯಾಗಿ ಸಿಗುವುದು ಸುಮಾರು ಒಂದೂಕಾಲು ಮೀಟರ್. ಚಾಚಿದ ಒಂದು ಕೈಗಿಂತ ಹೆಚ್ಚು ದೂರ.

ಎಸೆತ ಹತ್ತರಲ್ಲಿ ಒಂದು ಪಾಲು ನಿಧಾನವಾದರೆ ಫಲವೂ ಅಷ್ಟೇ ಕಡಿಮೆಯಾಗುವುದಿಲ್ಲ. ರಿಸೀವರ್ ಮತ್ತು ಬೆನ್ನು ಹತ್ತಿದವನ ನಡುವೆ ಎರಡು ಮೀಟರ್ ಅಂತರ ಇದ್ದಾಗ ಏನೂ ಆಗುವುದಿಲ್ಲ. ಅಂತರ ಒಂದೇ ಮೀಟರ್ ಇದ್ದರೆ ಚೆಂಡು ನೇರ ಎದುರಾಳಿಯ ಕೈಯಲ್ಲಿ. ಗೆರೆಯ ಈಚೆ ಇರುವವರೆಗೆ ಎಲ್ಲ ಸರಿ, ಒಂದು ಗೇಣು ಆಚೆ ಹೋದರೆ ಎಲ್ಲ ತಪ್ಪು. ಮೆಟ್ಟಿಲು ತಪ್ಪಿದ ಹಾಗೆ ಕಾಣುವುದು ಇದಕ್ಕೇ.

ಆ 0.16 ಸೆಕೆಂಡನ್ನು ಮರಳಿ ಗಳಿಸುವ ದಾರಿ ಒಂದೇ, ಅಷ್ಟು ಮೊದಲೇ ಎಸೆಯುವುದು. ರಿಸೀವರ್ ಇನ್ನೂ ತಿರುಗಿಯೇ ಇಲ್ಲ, ಅವನು ತಿರುಗಲಿರುವ ಜಾಗಕ್ಕೆ ಚೆಂಡು ಆಗಲೇ ಹೊರಟಿರುತ್ತದೆ. ಹದಿನೈದು ವರ್ಷದ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. 2013ರ ಮ್ಯಾನಿಂಗ್ ಮಾಡಿದ್ದು ಇದನ್ನೇ, ತೋಳಿನ ಸಾಲವನ್ನು ತಲೆ ತೀರಿಸುತ್ತಿತ್ತು.

ಆದರೆ ಮೊದಲೇ ಎಸೆಯಲು ಕಾಲು ನೆಲದಲ್ಲಿ ಗಟ್ಟಿಯಾಗಿ ಊರಿರಬೇಕು. ಎಸೆತದ ಶಕ್ತಿ ಹುಟ್ಟುವುದು ತೋಳಿನಲ್ಲಲ್ಲ; ಹಿಂಗಾಲು ನೆಲವನ್ನು ಒತ್ತುವುದರಲ್ಲಿ. ಅಲ್ಲಿಂದ ಸೊಂಟ ತಿರುಗುತ್ತದೆ, ಆಮೇಲೆ ಭುಜ, ಕೊನೆಗೆ ಮೊಣಕೈ ಮತ್ತು ಬೆರಳು. ಟಿವಿಯಲ್ಲಿ ನಾವು ಕೈಯನ್ನೇ ನೋಡುತ್ತೇವೆ. ನಾನೀಗ ಬೆಳಗಿನ ಜಾವ ಪಂದ್ಯ ನೋಡುವಾಗ ಬೇಕೆಂದೇ ಪಾದ ನೋಡುತ್ತೇನೆ. ಹಿಂಗಾಲ ಹಿಮ್ಮಡಿಯ ಮೇಲೆ ಭಾರ ಬಿಟ್ಟು ಎಸೆದ ಪಾಸ್ ಹೆಚ್ಚು ಸಲ ತೇಲುತ್ತದೆ.

2015ರಲ್ಲಿ ಮ್ಯಾನಿಂಗ್ ಅವರ ಅಂಗಾಲಿನ ಪೊರೆಗೆ ಗಾಯವಾಗಿತ್ತು. ಆ ವರ್ಷ ನವೆಂಬರ್ 15ರಂದು ಕ್ಯಾನ್ಸಸ್ ಸಿಟಿ ಚೀಫ್ಸ್ ವಿರುದ್ಧ ಆಡುತ್ತಾ, ಅಮೆರಿಕದ ಎನ್‌ಎಫ್‌ಎಲ್ ಲೀಗಿನ ಚರಿತ್ರೆಯಲ್ಲೇ ಅತಿ ಹೆಚ್ಚು ಪಾಸಿಂಗ್ ಯಾರ್ಡ್ ಗಳಿಸಿದ ಫಾರ್ವ್ ಅವರ ದಾಖಲೆಯನ್ನು ದಾಟಿದರು. ಅದೇ ದಿನ 20 ಪಾಸ್‌ನಲ್ಲಿ ಗುರಿ ಮುಟ್ಟಿದ್ದು 5, ಯಾರ್ಡ್ 35, ಇಂಟರ್ಸೆಪ್ಷನ್ 4. ಪಂದ್ಯದ ನಡುವೆಯೇ ಅವರನ್ನು ಹೊರಗೆ ಕೂರಿಸಿ ಬ್ರಾಕ್ ಆಸ್ವೈಲರ್ ಅವರನ್ನು ಇಳಿಸಿದರು. ಒಂದೇ ಮಧ್ಯಾಹ್ನದಲ್ಲಿ ಎರಡೂ ಆಗಿದ್ದನ್ನು ಓದುವಾಗ ನನಗೆ ಈಗಲೂ ಕಸಿವಿಸಿ ಆಗುತ್ತದೆ.

ಅದೇ ಸೀಸನ್‌ನ ಕೊನೆಗೆ ಅವರು ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಹಾಗಾದರೆ ಚೆನ್ನಾಗಿಯೇ ಆಡಿದರಲ್ಲ ಅಂತ ಬರೆದುಬಿಡಬೇಡಿ. ಆ ಫೈನಲ್‌ನಲ್ಲಿ ಬ್ರಾಂಕೋಸ್ ಆಕ್ರಮಣ ಗಳಿಸಿದ್ದು ಒಟ್ಟು 194 ಯಾರ್ಡ್. ಗೆಲ್ಲಿಸಿದ್ದು ಡಿಫೆನ್ಸ್, ಪಂದ್ಯಶ್ರೇಷ್ಠರಾದದ್ದು ಡಿಫೆನ್ಸ್‌ನ ವಾನ್ ಮಿಲ್ಲರ್.

ಭಾಗಿಸಿ ನೋಡಿ

ಇನ್ನು ಟಾಮ್ ಬ್ರೇಡಿ. 43ರಲ್ಲಿ ಟ್ಯಾಂಪಾ ಬೇ ಬಕನೀರ್ಸ್‌ಗೆ ಸೂಪರ್ ಬೌಲ್ ಗೆದ್ದುಕೊಟ್ಟರು. 44ರಲ್ಲಿ, ಅಂದರೆ 2021ರಲ್ಲಿ, 5,316 ಯಾರ್ಡ್, 43 ಟಚ್‌ಡೌನ್. ಎರಡರಲ್ಲೂ ಲೀಗಿಗೇ ಮೊದಲು. ಮರುವರ್ಷ 4,694 ಯಾರ್ಡ್. ಒಟ್ಟು ಅಂಕಿ ಮಾತ್ರ ನೋಡಿದವರಿಗೆ ಇದೂ ದೊಡ್ಡದೇ.

ಈಗ ಭಾಗಿಸಿ. 2021ರಲ್ಲಿ ಎಸೆದ ಪಾಸ್ 719, ಪ್ರತಿ ಪಾಸ್‌ಗೆ 7.4 ಯಾರ್ಡ್. 2022ರಲ್ಲಿ 733, ಒಂದು ಸೀಸನ್‌ನಲ್ಲಿ ಅದಕ್ಕೆ ಮೊದಲು ಯಾರೂ ಅಷ್ಟು ಎಸೆದಿರಲಿಲ್ಲ. ಪ್ರತಿ ಪಾಸ್‌ಗೆ ಸಿಕ್ಕಿದ್ದು 6.4. ಟಚ್‌ಡೌನ್ 43ರಿಂದ 25ಕ್ಕೆ ಬಂತು.

ಇದೆಲ್ಲ ವಯಸ್ಸಿನ ಪಾಲೇ? ಅಷ್ಟು ಸುಲಭವಾಗಿ ಹೇಳಲಾಗದು. ಗೋಡೆಯಲ್ಲಿ ಸೆಂಟರ್ ಪಕ್ಕ ನಿಲ್ಲುವ ಗಾರ್ಡ್ ಅಲಿ ಮಾರ್ಪೆಟ್ 2021ರ ಸೀಸನ್ ಮುಗಿದ ಮೇಲೆ ನಿವೃತ್ತರಾಗಿದ್ದರು, ಸೆಂಟರ್ ರಯಾನ್ ಜೆನ್ಸನ್ 2022ರ ತರಬೇತಿ ಶಿಬಿರದಲ್ಲೇ ಮಂಡಿ ಗಾಯ ಮಾಡಿಕೊಂಡರು. ಗೋಡೆಯ ನಡುಭಾಗವೇ ಹೋದ ಹಾಗೆ. ಆದರೂ ಬ್ರೇಡಿ ಸ್ಯಾಕ್ ಆದ ಲೆಕ್ಕ ಏರಲಿಲ್ಲ, ಯಾಕೆಂದರೆ ಅವರು ಲೀಗಿನಲ್ಲೇ ಅತಿ ಬೇಗ ಚೆಂಡು ಬಿಡುವವರಲ್ಲಿ ಒಬ್ಬರಾಗಿದ್ದರು. ಪೆಟ್ಟು ತಪ್ಪಿಸಿಕೊಂಡದ್ದಕ್ಕೆ ಬೆಲೆ ಕೊಟ್ಟದ್ದು ಆ ಒಂದು ಯಾರ್ಡ್‌ನಲ್ಲಿ. ನನ್ನ ಅಭಿಪ್ರಾಯದಲ್ಲಿ 45ರ ಬ್ರೇಡಿಯ ತೋಳು ಸೋತಿರಲಿಲ್ಲ. ಕುಸಿಯುತ್ತಿರುವ ಗೋಡೆಯ ಹಿಂದೆ ಇನ್ನೂ ಅರ್ಧ ಸೆಕೆಂಡ್ ನಿಂತು ಪೆಟ್ಟು ತಿನ್ನುವುದು ಆ ದೇಹಕ್ಕೆ ಬೇಡವಾಗಿತ್ತು. ಹಾಗಾಗಿ ವಯಸ್ಸಾದ ಕ್ವಾರ್ಟರ್‌ಬ್ಯಾಕ್ ಬಗ್ಗೆ ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ಅವರ ಲೈನ್‌ಮನ್‌ಗಳನ್ನು.

ನಿಯಮಗಳೂ ಸಹಾಯಕ್ಕೆ ಬಂದಿವೆ. 2008ರ ಮೊದಲ ಪಂದ್ಯದಲ್ಲೇ ಬ್ರೇಡಿಯ ಮಂಡಿ ಹರಿದ ಮೇಲೆ, ಕೆಳಗೆ ಬಿದ್ದವರು ಅಲ್ಲಿಂದಲೇ ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಎಗರುವುದನ್ನು ತಡೆದರು. 2018ರಿಂದ ಇಡೀ ಮೈಭಾರ ಹಾಕಿ ಕೆಡವುವುದಕ್ಕೆ ದಂಡ ಬಿಗಿಯಾಯಿತು. 1970ರ ದಶಕದವರ ಜೊತೆ ಇಂದಿನವರನ್ನು ಹೋಲಿಸುವಾಗ ಇದು ನೆನಪಿರಲಿ. 48ರವರೆಗೆ, 1975ರ ತನಕ ಆಡಿದ ಜಾರ್ಜ್ ಬ್ಲಾಂಡಾ ಅವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ಕೊನೆಯ ವರ್ಷಗಳಲ್ಲಿ ಅವರು ಮುಖ್ಯವಾಗಿ ಚೆಂಡು ಒದೆಯುವ ಕಿಕ್ಕರ್.

ಇನ್ನೊಂದು ಎಚ್ಚರ. 40 ದಾಟಿದವರ ಸರಾಸರಿ ತೆಗೆದರೆ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಕೆಟ್ಟದಾಗಿ ಆಡುತ್ತಿದ್ದವರಿಗೆ ಆ ವಯಸ್ಸಿಗೆ ಕೆಲಸವೇ ಉಳಿದಿರುವುದಿಲ್ಲ. ಉಳಿದವರನ್ನು ಮಾತ್ರ ಎಣಿಸಿ ಎಲ್ಲರ ಬಗ್ಗೆ ಹೇಳಿದಂತಾಗುತ್ತದೆ. ಗಾಯ ಬೇರೆ ಲೆಕ್ಕ ಕೆಡಿಸುತ್ತದೆ: 37 ಮತ್ತು 38ರಲ್ಲಿ ಸಾಲಾಗಿ ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರರಾದ ಆರನ್ ರಾಜರ್ಸ್, 39ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿ, ಮೊದಲ ಪಂದ್ಯದ ನಾಲ್ಕನೇ ಸ್ನ್ಯಾಪ್‌ಗೆ ಹಿಮ್ಮಡಿಯ ಅಕಿಲೀಸ್ ಸ್ನಾಯುರಜ್ಜು ಹರಿದುಕೊಂಡರು. ಆ ಸೀಸನ್‌ಗೆ ಅಂಕಿಯೇ ಇಲ್ಲ.

ಅಭ್ಯಾಸಕ್ಕೆ ಒಂದು ಪಂದ್ಯ

2021ರ ಜನವರಿ 17, ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. ಒಂದು ಕಡೆ 43ರ ಬ್ರೇಡಿ, ಇನ್ನೊಂದು ಕಡೆ ಎರಡು ದಿನದ ಹಿಂದಷ್ಟೇ 42 ತುಂಬಿದ್ದ, ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಡ್ರೂ ಬ್ರೀಸ್. ಬ್ರೀಸ್ ಅವರಿಗೆ ಅದೇ ಸೀಸನ್‌ನ ನವೆಂಬರ್‌ನಲ್ಲಿ ಪಕ್ಕೆಲುಬುಗಳು ಮುರಿದು ಶ್ವಾಸಕೋಶ ಕುಸಿದಿತ್ತು. ಆ ದಿನ ಅವರು ಎಸೆದದ್ದು 34 ಪಾಸ್, ಗಳಿಸಿದ್ದು 134 ಯಾರ್ಡ್, ಇಂಟರ್ಸೆಪ್ಷನ್ 3. ಬ್ರೇಡಿ 33 ಪಾಸ್, 199 ಯಾರ್ಡ್, ಇಂಟರ್ಸೆಪ್ಷನ್ ಒಂದೂ ಇಲ್ಲ. ಭಾಗಿಸಿ ನೋಡಿ: 3.9 ಮತ್ತು 6.0. ಸೇಂಟ್ಸ್ ತಂಡದ ಒಂದು ದೊಡ್ಡ ಪಾಸ್, 56 ಯಾರ್ಡ್‌ನ ಟಚ್‌ಡೌನ್, ಬ್ರೀಸ್ ಕೈಯಿಂದ ಬಂದದ್ದೇ ಅಲ್ಲ. ಒಂದು ಚಮತ್ಕಾರದ ಪ್ಲೇಗಾಗಿ ಒಳಬಂದ ಬದಲಿ ಕ್ವಾರ್ಟರ್‌ಬ್ಯಾಕ್ ಜೇಮಿಸ್ ವಿನ್‌ಸ್ಟನ್ ಅದನ್ನು ಎಸೆದರು.

30-20ಕ್ಕೆ ಬ್ರೇಡಿಯ ತಂಡ ಪಂದ್ಯ ಗೆದ್ದಿತು. ಬ್ರೀಸ್‌ಗೆ ಅದೇ ಕೊನೆಯ ಪಂದ್ಯ. ಜನ ಚದುರಿದ ಮೇಲೆ ಅವರು ಹೆಂಡತಿ ಮಕ್ಕಳ ಜೊತೆ ಮೈದಾನದಲ್ಲಿ ನಿಂತಿದ್ದಾಗ ಬ್ರೇಡಿ ಅಲ್ಲಿಗೆ ಬಂದರು, ಮಾತಾಡಿದರು, ಆಮೇಲೆ ಬ್ರೀಸ್ ಅವರ ಮಗನೊಬ್ಬ ಎಂಡ್ ಝೋನ್ (ಮೈದಾನದ ತುದಿಯ, ಟಚ್‌ಡೌನ್ ಆಗುವ ಜಾಗ) ಕಡೆ ಓಡಿದಾಗ ಅವನಿಗೊಂದು ಪಾಸ್ ಎಸೆದರು. ಹುಡುಗ ಹಿಡಿದ.