ಬಾಹ್ಯಾಕಾಶ ಎಲ್ಲಿಂದ ಶುರು? ಕಾನೂನು ಇನ್ನೂ ಬಾಯಿ ಬಿಟ್ಟಿಲ್ಲ

2021ರ ಜುಲೈನಲ್ಲಿ ಇಬ್ಬರು ಕುಬೇರರು ತಮ್ಮ ತಮ್ಮ ಕಂಪನಿಗಳ ವಾಹನಗಳನ್ನೇರಿ ಮೇಲಕ್ಕೆ ಹೋಗಿಬಂದರು. ರಿಚರ್ಡ್ ಬ್ರಾನ್ಸನ್ ಮುಟ್ಟಿದ್ದು ಸುಮಾರು 86 ಕಿ.ಮೀ., ಜೆಫ್ ಬೆಜೋಸ್ ಸುಮಾರು 107 ಕಿ.ಮೀ. ಬ್ರಾನ್ಸನ್ ಹೋದದ್ದು ಬಾಹ್ಯಾಕಾಶಕ್ಕೇ ಹೌದೇ ಎಂಬ ತಕರಾರು ಕೂಡಲೇ ಎದ್ದಿತು. ಅಮೆರಿಕದ ಸಂಸ್ಥೆಗಳು ಒಪ್ಪುವ 80 ಕಿ.ಮೀ. ಲೆಕ್ಕದಲ್ಲಿ ಹೌದು. ವಿಮಾನಯಾನದ ದಾಖಲೆಗಳನ್ನು ಇಡುವ ಅಂತರರಾಷ್ಟ್ರೀಯ ಒಕ್ಕೂಟದ 100 ಕಿ.ಮೀ. ಲೆಕ್ಕದಲ್ಲಿ ಅಲ್ಲ. ಎರಡರಲ್ಲಿ ಯಾವುದೂ ಅಂತರರಾಷ್ಟ್ರೀಯ ಕಾನೂನಲ್ಲ.

ವಾತಾವರಣಕ್ಕೆ ಅಂಚೆಂಬುದಿಲ್ಲ, ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ, ಅಷ್ಟೇ. 400 ಕಿ.ಮೀ. ಎತ್ತರದ ಬಾಹ್ಯಾಕಾಶ ನಿಲ್ದಾಣವೂ ಉಳಿದಿರುವ ಗಾಳಿಯ ತಡೆಗೆ ಸಿಕ್ಕಿ ಕೆಳಗಿಳಿಯುತ್ತದೆ, ಆಗಾಗ ಎಂಜಿನ್ ಉರಿಸಿ ಅದನ್ನು ಮೇಲೇರಿಸಬೇಕು. ಹಾಗಿದ್ದೂ ಗೆರೆಗೊಂದು ತರ್ಕ ಒದಗಿದ್ದು ವಿಜ್ಞಾನಿ ಥಿಯೋಡರ್ ಫಾನ್ ಕಾರ್ಮಾನ್ ಅವರ ವಿಚಾರದಿಂದ. ಗಾಳಿ ತೆಳುವಾದಂತೆ ರೆಕ್ಕೆ ಭಾರ ಹೊರಲು ವಿಮಾನ ಇನ್ನಷ್ಟು ವೇಗವಾಗಿ ಹಾರಬೇಕು. ಬೇಕಾದ ಆ ವೇಗ ಒಂದು ಎತ್ತರದಲ್ಲಿ ಕಕ್ಷೆಯಲ್ಲಿ ಸುತ್ತುವ ವೇಗಕ್ಕೇ ಸಮನಾಗುತ್ತದೆ. ಅಲ್ಲಿಂದಾಚೆ ರೆಕ್ಕೆ ದಂಡ. ಇದನ್ನೇ ಹಿಡಿದು 1950ರ ದಶಕದಲ್ಲಿ ಅಮೆರಿಕದ ವಕೀಲ ಆಂಡ್ರ್ಯೂ ಹೇಲಿ ಗಡಿಯ ವಾದ ಮಂಡಿಸಿದರು. ಅವರ ಲೆಕ್ಕ ಬಂದಿದ್ದು ಸುಮಾರು 84 ಕಿ.ಮೀ.ಗೆ. ಇಂದು 'ಕಾರ್ಮಾನ್ ರೇಖೆ' ಎಂದು ಹೆಸರಾಗಿರುವ 100 ನೆನಪಿಡಲು ಸುಲಭವಾದ ದುಂಡು ಅಂಕಿ.

ದೇಶಗಳು ಮಾತ್ರ ಅಂಕಿಯ ಗೋಜಿಗೇ ಹೋಗಲಿಲ್ಲ. 1944ರ ಷಿಕಾಗೊ ಒಪ್ಪಂದ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಪೂರ್ಣ ಒಡೆತನ ಕೊಟ್ಟಿತು, ಅದು ಎಷ್ಟು ಎತ್ತರದವರೆಗೆ ಎಂದು ಹೇಳಲಿಲ್ಲ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಉಪಗ್ರಹ ಸ್ಪುಟ್ನಿಕ್ ಯಾರ ಅನುಮತಿಯನ್ನೂ ಕೇಳದೆ ಹಲವು ದೇಶಗಳ ನೆತ್ತಿಯ ಮೇಲೆ ಸುತ್ತಿತು. ಗಡಿ ಉಲ್ಲಂಘನೆಯೆಂದು ಯಾವ ದೇಶವೂ ಪ್ರತಿಭಟಿಸಲಿಲ್ಲ. ಅದೇ ಸೋವಿಯತ್ ಒಕ್ಕೂಟ 1960ರಲ್ಲಿ ಸುಮಾರು 20 ಕಿ.ಮೀ. ಎತ್ತರದಲ್ಲಿ ಹಾರುತ್ತಿದ್ದ ಅಮೆರಿಕದ ಯು-2 ಬೇಹುಗಾರಿಕೆ ವಿಮಾನವನ್ನು ಹೊಡೆದುರುಳಿಸಿತು. ವಿಮಾನಕ್ಕೆ ಕ್ಷಿಪಣಿ, ಉಪಗ್ರಹಕ್ಕೆ ಮೌನ. ಎದುರಾಳಿಯ ಮೇಲೆ ಕಣ್ಣಿಡುವ ಉಪಗ್ರಹಗಳು ಇಬ್ಬರಿಗೂ ಬೇಕಾಗಿದ್ದವು. ಬಾಹ್ಯಾಕಾಶ ಯಾವ ದೇಶದ ಸ್ವತ್ತೂ ಅಲ್ಲವೆಂದ 1967ರ ಒಪ್ಪಂದವೂ ಅದು ಎಲ್ಲಿಂದ ಆರಂಭವೆಂದು ತಿಳಿಸಲಿಲ್ಲ. ಇದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ; ಗೆರೆ ಇಲ್ಲದಿರುವುದೇ ಬಲಾಢ್ಯರಿಗೆ ಅನುಕೂಲವಾಗಿತ್ತು.

ಆ ಮೌನದ ಲಾಭ ಪಡೆಯಲು 1976ರಲ್ಲಿ ಬೇರೆಯವರೂ ನೋಡಿದರು. ಕೊಲಂಬಿಯಾ, ಕೀನ್ಯಾ, ಇಂಡೊನೇಷ್ಯಾ ಸೇರಿ ಸಮಭಾಜಕ ವೃತ್ತದ ಕೆಲವು ದೇಶಗಳು ಬೊಗೋಟಾದಲ್ಲಿ ಸೇರಿ, ಉಪಗ್ರಹ ನೆಲದ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ, ಸುಮಾರು 36 ಸಾವಿರ ಕಿ.ಮೀ. ಎತ್ತರದ ಭೂಸ್ಥಿರ ಕಕ್ಷೆಯಲ್ಲಿ ತಮ್ಮ ನೆಲದ ಮೇಲಿನ ಭಾಗ ತಮ್ಮದೇ ಎಂದು ಘೋಷಿಸಿದವು. ಉಳಿದ ಜಗತ್ತು ಒಪ್ಪಲಿಲ್ಲ.

ಗೆರೆ ಅತ್ತಿತ್ತ ಸರಿದಾಗ ಮನುಷ್ಯರ ಪಟ್ಟವೂ ಬದಲಾಗುತ್ತದೆ. 1960ರ ದಶಕದಲ್ಲಿ ಎಕ್ಸ್-15 ರಾಕೆಟ್ ವಿಮಾನದಲ್ಲಿ 80 ಕಿ.ಮೀ. ದಾಟಿದ ವಾಯುಪಡೆಯ ಪೈಲಟ್‌ಗಳಿಗೆ ಗಗನಯಾತ್ರಿ ಬಿಲ್ಲೆ ಸಿಕ್ಕಿತು. ಅದೇ ವಿಮಾನ ಹಾರಿಸಿದ ನಾಸಾದ ಮೂವರಿಗೆ ಸಿಕ್ಕಿದ್ದು 2005ರಲ್ಲಿ. ಅಷ್ಟರಲ್ಲಿ ಇಬ್ಬರು ತೀರಿಕೊಂಡಿದ್ದರು.

80 ಕಿ.ಮೀ.ಯೇ ಸರಿಯೆಂದು ಖಗೋಳ ವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ 2018ರಲ್ಲಿ ವಾದಿಸಿದರು: ದೀರ್ಘವೃತ್ತದ ಕಕ್ಷೆಯ ಉಪಗ್ರಹಗಳು 100 ಕಿ.ಮೀ.ಗಿಂತ ಕೆಳಗಿಳಿದೂ ಮತ್ತೆ ಮೇಲೇರಿವೆ. ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯಲ್ಲಿ ಮಾತ್ರ ದಶಕಗಳಿಂದ ಅದೇ ವಾದ. ಎತ್ತರಕ್ಕೆ ಗಡಿ ಗೊತ್ತುಮಾಡಿ ಎನ್ನುತ್ತವೆ ಕೆಲವು ದೇಶಗಳು. ಎಲ್ಲಿದೆ ಎನ್ನುವುದಕ್ಕಿಂತ ವಾಹನ ಮಾಡುವ ಕೆಲಸ ನೋಡಿ ಎನ್ನುತ್ತವೆ ಇನ್ನು ಕೆಲವು. ಗಡಿಯ ಅಗತ್ಯವೇ ಇಲ್ಲ ಎಂಬುದು ಅಮೆರಿಕದ ನಿಲುವು.