ನೀಲಿ ಬೋಗಿಯಿಂದ ಕೆಂಪು ಬೋಗಿಗೆ: ಮತ್ಸ್ಯಗಂಧ ಕಾದ 25 ವರ್ಷ

2025ರ ಫೆಬ್ರುವರಿಯಲ್ಲಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನ ಹೊಸ ಕೆಂಪು ಬೋಗಿಗಳಿಗೆ, ಅಂದರೆ ಜರ್ಮನ್ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳಿಗೆ, ಹಸಿರು ನಿಶಾನೆ ತೋರಲಾಯಿತು. 1998ರಿಂದ ಮಂಗಳೂರು ಮತ್ತು ಮುಂಬಯಿಯ ನಡುವೆ ರಾತ್ರಿಯಿಡೀ ಓಡುತ್ತಿರುವ ಈ ರೈಲಿಗೆ ಅಂದಿನವರೆಗೂ ಹಳೆಯ ನೀಲಿ ಬೋಗಿಗಳೇ ಗತಿಯಾಗಿದ್ದವು. ಇದೇ ವಿನ್ಯಾಸದ ಬೋಗಿಗಳು ದೆಹಲಿ–ಲಖನೌ ಶತಾಬ್ದಿಯಲ್ಲಿ ಓಡಲಾರಂಭಿಸಿದ್ದು 2000ದ ಸುಮಾರಿಗೆ. ದೇಶದ ಒಂದು ರೈಲಿಗೆ ಬಂದ ಸೌಕರ್ಯ ಇನ್ನೊಂದನ್ನು ತಲುಪಲು ಕಾಲು ಶತಮಾನ ಏಕೆ ಬೇಕಾಯಿತು ಎಂಬುದನ್ನು ತಿಳಿಯಬೇಕಾದರೆ ಬೋಗಿಯ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದಲೇ ನೋಡಬೇಕಾಗುತ್ತದೆ.

ಮೊದಲಿಗೆ ಒಂದು ಮಾತು. ನಾವು 'ಬೋಗಿ' ಎಂದರೆ ಪ್ರಯಾಣಿಕರು ಕೂರುವ ಇಡೀ ಡಬ್ಬಿ. ಎಂಜಿನಿಯರರಿಗೆ ಬೋಗಿಯೆಂದರೆ ಅದರ ಅಡಿಯಲ್ಲಿರುವ ಗಾಲಿಗಳ ಚೌಕಟ್ಟು ಮಾತ್ರ. ಇಲ್ಲಿ ಊರಿನ ಬಳಕೆಯನ್ನೇ ಉಳಿಸಿಕೊಂಡಿದ್ದೇನೆ.

1907ರಲ್ಲಿ ಮಲಬಾರಿನ ಕಡೆಯಿಂದ ರೈಲು ಮಂಗಳೂರನ್ನು ಮುಟ್ಟಿದಾಗ ಬೋಗಿಯೆಂದರೆ ಕಬ್ಬಿಣದ ತಳದ ಮೇಲೆ ಕೂರಿಸಿದ ಮರದ ಮನೆಯಾಗಿತ್ತು. ಅಪಘಾತವಾದರೆ ಮರದ ಒಡಲು ಸೀಳಿ, ದುರ್ಬೀನಿನ ಕೊಳವೆಗಳಂತೆ ಒಂದು ಬೋಗಿ ಇನ್ನೊಂದರೊಳಗೆ ತೂರಿಕೊಳ್ಳುತ್ತಿತ್ತು. ಕೆಳದರ್ಜೆಯ ಬೋಗಿಗಳಲ್ಲಿ ಶೌಚಾಲಯವೂ ಇರಲಿಲ್ಲ. ಹಲಸಿನ ಹಣ್ಣು ತಿಂದು ಹೊಟ್ಟೆ ಕೆಟ್ಟು, ನಿಲ್ದಾಣದಲ್ಲಿ ಇಳಿದು ಕುಳಿತಿದ್ದಾಗಲೇ ರೈಲು ಹೊರಟುಹೋಯಿತೆಂದು ಓಖಿಲ್ ಚಂದ್ರ ಸೇನ್ ಎಂಬ ಬಂಗಾಳಿ ಪ್ರಯಾಣಿಕರು 1909ರಲ್ಲಿ ಬರೆದ ದೂರಿನ ಪತ್ರ ಪ್ರಸಿದ್ಧವಾಗಿದೆ. ಆ ಬಳಿಕವೇ ಕೆಳದರ್ಜೆಗೂ ಶೌಚಾಲಯ ಬಂತೆಂದು ಹೇಳುತ್ತಾರೆ. ಹಲಸಿನ ಸುದ್ದಿಯಾದ್ದರಿಂದ ನಮ್ಮ ಕಡೆಯ ಓದುಗರಿಗೆ ಅವರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾದ ತಿರುವು ಬಂದದ್ದು ಸ್ವಾತಂತ್ರ್ಯದ ನಂತರ. ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿಯೊಡನೆ 1949ರಲ್ಲಿ ಆದ ಒಪ್ಪಂದದ ಫಲವಾಗಿ ಮದ್ರಾಸಿನ ಪೆರಂಬೂರಿನಲ್ಲಿ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಕಟ್ಟಲಾಯಿತು. 1955ರ ಅಕ್ಟೋಬರ್ 2ರಂದು ನೆಹರೂ ಅದನ್ನು ಉದ್ಘಾಟಿಸಿದರು. 'ಇಂಟೆಗ್ರಲ್' ಎಂಬ ಪದದಲ್ಲೇ ಹೊಸ ವಿನ್ಯಾಸದ ಮರ್ಮವಿದೆ. ಹಿಂದೆ ಭಾರವನ್ನೆಲ್ಲ ತಳದ ಚೌಕಟ್ಟೇ ಹೊರುತ್ತಿದ್ದರೆ, ಇಲ್ಲಿ ನೆಲ, ಗೋಡೆ, ಚಾವಣಿಗಳು ಒಂದೇ ಉಕ್ಕಿನ ಕೊಳವೆಯಾಗಿ ಬೆಸೆದುಕೊಂಡು ಭಾರವನ್ನು ಹಂಚಿಕೊಳ್ಳುತ್ತವೆ. ಡಿಕ್ಕಿಯಾದರೆ ಬೋಗಿಯ ಎರಡು ತುದಿಗಳು ಮೊದಲು ಜಜ್ಜಿಹೋಗಿ ಹೊಡೆತವನ್ನು ನುಂಗುವಂತೆಯೂ, ಜನ ಕೂರುವ ನಡುಭಾಗ ಉಳಿಯುವಂತೆಯೂ ಅದನ್ನು ರೂಪಿಸಲಾಗಿತ್ತು. ಸುಮಾರು 21.3 ಮೀಟರ್ ಉದ್ದದ ಈ ಡಬ್ಬಿ ಮೊದಲು ಇಟ್ಟಿಗೆಗೆಂಪು ಬಣ್ಣದಲ್ಲಿತ್ತು. ನೀಲಿಗೆ ತಿರುಗಿದ್ದು 1990ರ ದಶಕದಲ್ಲಿ. ಕರಾವಳಿಯ ಎರಡು ಮೂರು ತಲೆಮಾರುಗಳು 'ರೈಲು' ಎಂದಾಗ ಕಣ್ಣಮುಂದೆ ತಂದುಕೊಂಡದ್ದು ಇದನ್ನೇ.

ಹೊರಗಿನ ಉಕ್ಕಿಗಿಂತ ಒಳಗಿನ ಬರ್ತ್‌ನ ಕಥೆ ನನಗೆ ಹೆಚ್ಚು ಸ್ವಾರಸ್ಯಕರವಾಗಿ ಕಾಣುತ್ತದೆ. ಮೂರನೆಯ ದರ್ಜೆ 1974ರಲ್ಲಿ ಕಾಗದದ ಮೇಲೆ ರದ್ದಾದರೂ ಎರಡನೆಯ ದರ್ಜೆಯವರು ಬರಿಯ ಮರದ ಹಲಗೆಯ ಮೇಲೆಯೇ ಮಲಗುತ್ತಿದ್ದರು. ಆ ಹಲಗೆಗೆ ಎರಡು ಅಂಗುಲದ ಫೋಮ್ ಹಾಸಬೇಕೆಂದು ನಿರ್ಧರಿಸಿದವರು 1977ರಲ್ಲಿ ರೈಲ್ವೆ ಸಚಿವರಾದ ಮಧು ದಂಡವತೆ. ಭಾರತದ ಬೋಗಿಯ ಚರಿತ್ರೆಯಲ್ಲಿ ಅತಿ ಹೆಚ್ಚು ಬೆನ್ನುಗಳಿಗೆ ಉಪಕಾರ ಮಾಡಿದ ಬದಲಾವಣೆ ಇದೇ ಇರಬೇಕು. ಇದಕ್ಕೆ ವಿದೇಶಿ ತಂತ್ರಜ್ಞಾನವೇನೂ ಬೇಕಾಗಿರಲಿಲ್ಲ. ಕೊಂಕಣ ರೈಲ್ವೆಗಾಗಿ ದೀರ್ಘಕಾಲ ವಾದಿಸಿದವರೂ ಅವರೇ. ಆ ಮಾರ್ಗಕ್ಕೆ ಪ್ರತ್ಯೇಕ ನಿಗಮವನ್ನು ರೂಪಿಸಿದ್ದು 1989–90ರಲ್ಲಿ ರೈಲ್ವೆ ಸಚಿವರಾಗಿದ್ದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1993ರ ಮಾರ್ಚ್‌ನಲ್ಲಿ ಮಂಗಳೂರು–ಉಡುಪಿ ನಡುವೆ ಮೊದಲ ರೈಲು ಓಡಿತು. 1998ರಲ್ಲಿ ಮಾರ್ಗ ಪೂರ್ತಿಯಾಯಿತು.

ಕೊಟ್ಟ ಅಂಗುಲಗಳನ್ನು ಕಿತ್ತುಕೊಂಡದ್ದೂ ಉಂಟು. 2007ರ ಸುಮಾರಿಗೆ ಸ್ಲೀಪರ್ ಬೋಗಿಗಳ ಪಕ್ಕದ ಸಾಲಿನಲ್ಲಿ ಮೇಲಿನ ಮತ್ತು ಕೆಳಗಿನ ಬರ್ತ್‌ಗಳ ನಡುವೆ ಮೂರನೆಯದನ್ನು ತುರುಕಿ 72 ಇದ್ದದ್ದನ್ನು 81 ಮಾಡಲಾಯಿತು. ತಲೆಯೆತ್ತಿ ಕೂರಲಾಗದ ಆ ಗೂಡಿನ ವಿರುದ್ಧ ದೂರುಗಳು ಎಷ್ಟು ಬಂದವೆಂದರೆ ಕೆಲವೇ ವರ್ಷಗಳಲ್ಲಿ ಅದನ್ನು ತೆಗೆಯಬೇಕಾಯಿತು.

ಪೆರಂಬೂರಿನ ವಿನ್ಯಾಸದ ನಿಜವಾದ ದೌರ್ಬಲ್ಯ ಎರಡು ಬೋಗಿಗಳು ಸೇರುವಲ್ಲಿತ್ತು. ತಿರುಪಿನ ಕೊಂಡಿ ಮತ್ತು ಇಕ್ಕೆಲಗಳ ಬಫರ್‌ಗಳಿಂದ ಜೋಡಿಸಿದ ಬೋಗಿಗಳು ದೊಡ್ಡ ಆಘಾತದಲ್ಲಿ ಒಂದರ ಮೇಲೊಂದು ಏರುತ್ತಿದ್ದವು. 2001ರ ಜೂನ್‌ನಲ್ಲಿ ಮಂಗಳೂರು–ಚೆನ್ನೈ ಮೇಲ್ ಕಡಲುಂಡಿ ಸೇತುವೆಯಿಂದ ಹೊಳೆಗೆ ಉರುಳಿ 50ಕ್ಕೂ ಹೆಚ್ಚು ಮಂದಿ ಸತ್ತರು. 2004ರ ಜೂನ್‌ನಲ್ಲಿ ಮತ್ಸ್ಯಗಂಧವೇ ಮಹಾರಾಷ್ಟ್ರದ ಕರಂಜಾಡಿಯ ಬಳಿ ಹಳಿಯ ಮೇಲೆ ಬಿದ್ದ ಬಂಡೆಗಳಿಗೆ ಬಡಿದು ಸೇತುವೆಯಿಂದ ಕೆಳಗೆ ಬಿತ್ತು. ಈ ದುರಂತಗಳಿಗೆ ಬೋಗಿಯ ವಿನ್ಯಾಸ ಕಾರಣವೆಂದು ಹೇಳಿದರೆ ತಪ್ಪಾಗುತ್ತದೆ. ಆದರೆ ಹಳಿ ತಪ್ಪಿದ ಮೇಲೆ ಬೋಗಿಗಳು ಹೇಗೆ ವರ್ತಿಸುತ್ತವೆ ಎಂಬ ಪ್ರಶ್ನೆ ಕರಾವಳಿಗೆ ದೂರದ ಪ್ರಶ್ನೆಯಾಗಿ ಉಳಿಯಲಿಲ್ಲ.

ಅದಕ್ಕೆ ಉತ್ತರ ಆ ಹೊತ್ತಿಗಾಗಲೇ ದೇಶದೊಳಗಿತ್ತು. ಜರ್ಮನಿಯ ಲಿಂಕೆ–ಹಾಫ್‌ಮನ್–ಬುಶ್ (ಎಲ್‌ಎಚ್‌ಬಿ) ಕಂಪನಿಯ ಬೋಗಿಗಳನ್ನು ತರಿಸಿಕೊಂಡ ರೈಲ್ವೆ, ಕಪೂರ್ತಲಾದ ಕಾರ್ಖಾನೆಯಲ್ಲಿ ಅವುಗಳ ತಯಾರಿಕೆಯನ್ನು ಆರಂಭಿಸಿತ್ತು. ನಡುವಿನ ಒಂದೇ ಗಟ್ಟಿ ಕೊಂಡಿ ಬೋಗಿಗಳನ್ನು ಒಂದರ ಮೇಲೊಂದು ಏರಗೊಡುವುದಿಲ್ಲ. ಗಾಲಿಯ ಸುತ್ತನ್ನೇ ಒತ್ತುವ ಬ್ರೇಕಿನ ಬದಲು ಡಿಸ್ಕ್ ಬ್ರೇಕ್ ಬಂತು. ಒಡಲಿಗೆ ಸ್ಟೇನ್‌ಲೆಸ್ ಸ್ಟೀಲ್ ಬಳಸಿದ್ದರಿಂದ, ಹಳೆಯ ಬೋಗಿಗಳಲ್ಲಿ ಶೌಚಾಲಯದ ಸುತ್ತಲ ನೆಲವನ್ನು ತಿನ್ನುತ್ತಿದ್ದ ತುಕ್ಕಿನ ಕಾಟವೂ ತಗ್ಗಿತು. ಉದ್ದ ಸುಮಾರು 23.5 ಮೀಟರಿಗೆ ಬೆಳೆದು, ಸ್ಲೀಪರ್‌ನಲ್ಲಿ ಎಂಟು ಬರ್ತ್‌ಗಳ ಒಂದು ಅಂಕಣ ಹೆಚ್ಚಾಗಿ 72ರ ಜಾಗದಲ್ಲಿ 80 ಆಯಿತು. ಹಾಗೆಂದು ಎಲ್ಲವೂ ಸರಿಯಾಗಿತ್ತೆಂದಲ್ಲ. ರೈಲು ಹೊರಡುವಾಗ ಮತ್ತು ನಿಲ್ಲುವಾಗ ಹೊಸ ಕೊಂಡಿ ಕೊಡುತ್ತಿದ್ದ ಎಳೆತಕ್ಕೆ ನಿದ್ದೆಯಲ್ಲಿದ್ದವರು ಬೆಚ್ಚಿ ಏಳುತ್ತಿದ್ದರು, ಆ ದೋಷವನ್ನು ತಿದ್ದಲು ಸಾಕಷ್ಟು ಕಾಲ ಹಿಡಿಯಿತು.

ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ ಹಳೆಯ ವಿನ್ಯಾಸವನ್ನು ಪೂರ್ತಿ ಕೈಬಿಡಬೇಕೆಂದು 2012ರಲ್ಲಿ ಶಿಫಾರಸು ಮಾಡಿತು. ಪೆರಂಬೂರು ತನ್ನ ಕೊನೆಯ ಹಳೆಯ ಮಾದರಿಯ ಬೋಗಿಯನ್ನು ಹೊರಗೆ ಕಳಿಸಿದ್ದು 2018ರ ಜನವರಿಯಲ್ಲಿ. ಕೊಂಡಿಯೇ ಬೇರೆಯಾದ್ದರಿಂದ ಒಂದೆರಡು ಹೊಸ ಬೋಗಿಗಳನ್ನು ಹಳೆಯ ರೈಲಿಗೆ ಸೇರಿಸಿ ಸಮಾಧಾನಪಡಿಸುವಂತಿರಲಿಲ್ಲ, ಇಡೀ ರೇಕನ್ನೇ, ಅಂದರೆ ರೈಲಿನ ಬೋಗಿಗಳ ಪೂರ್ತಿ ಸಾಲನ್ನೇ, ಬದಲಿಸಬೇಕಾಗಿತ್ತು. ಉದ್ದ ಹೆಚ್ಚಿದ್ದರಿಂದ 24 ಬೋಗಿಗಳ ಜಾಗದಲ್ಲಿ 22 ಮಾತ್ರ ಹಿಡಿಯುತ್ತಿದ್ದವು. ಇವೆಲ್ಲ ನಿಜವಾದ ತೊಡಕುಗಳೇ. ಆದರೂ ಹೊಸದು ಮೊದಲು ಶತಾಬ್ದಿ, ರಾಜಧಾನಿಗಳಿಗೆ ಹೋಗಿ, ಮಳೆಗಾಲದ ಗುಡ್ಡಕುಸಿತದ ಹಾದಿಯಲ್ಲಿ ರಾತ್ರಿಯಿಡೀ ಸಾಗುವ ರೈಲಿಗೆ ಕೊನೆಗೆ ಬಂದದ್ದನ್ನು ತಾಂತ್ರಿಕ ಕಾರಣಗಳಷ್ಟೇ ವಿವರಿಸಲಾರವು.

ಕಿಟಕಿಯ ಮಟ್ಟಿಗೆ ಮಾತ್ರ ಕರಾವಳಿ ಹೆಚ್ಚು ಕಾಯಲಿಲ್ಲ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ 57 ಸುರಂಗಗಳ ಘಟ್ಟದ ಹಾದಿಗೆ 2021ರ ಜುಲೈಯಲ್ಲಿ ವಿಸ್ಟಾಡೋಮ್ ಬಂತು: ಗಾಜಿನ ಚಾವಣಿ, ಅಗಲವಾದ ಕಿಟಕಿಗಳು, ಬೇಕಾದತ್ತ ತಿರುಗುವ 44 ಆಸನಗಳು. 2023ರ ಡಿಸೆಂಬರ್‌ನಲ್ಲಿ ಮಂಗಳೂರು–ಮಡಗಾಂವ್ ವಂದೇ ಭಾರತ್ ಬಂತು. ಪ್ರತ್ಯೇಕ ಎಂಜಿನ್ ಇಲ್ಲದೆ, ಮೋಟಾರುಗಳನ್ನು ಬೋಗಿಗಳ ಅಡಿಯಲ್ಲೇ ಹಂಚಿಟ್ಟಿರುವ ರೈಲು ಅದು. ಎರಡರಲ್ಲೂ ನೋಟ ಧಾರಾಳ, ಗಾಳಿಗೆ ಪ್ರವೇಶವಿಲ್ಲ. ಅದೇ ಅವಧಿಯಲ್ಲಿ ಮೂರು ಹಂತದ ಎಸಿಯ 'ಎಕಾನಮಿ' ಬೋಗಿಯೂ ಬಂದು, 72 ಬರ್ತ್‌ಗಳ ಉದ್ದದಲ್ಲಿ 83 ಕೂರಿಸಿ, ಅಂಗುಲದ ಹಳೆಯ ಲೆಕ್ಕವನ್ನು ಮತ್ತೆ ತೆರೆಯಿತು.

ಬದಲಾದ ನೀಲಿ ಬೋಗಿಗಳೆಲ್ಲ ಗುಜರಿಗೆ ಹೋಗುವುದಿಲ್ಲ. ವಯಸ್ಸಾದವುಗಳಲ್ಲಿ ಹಲವನ್ನು ಹೊಸ ಕಾರುಗಳನ್ನು ಸಾಗಿಸಲು ಮಾರ್ಪಡಿಸುತ್ತಾರೆ. ಬರ್ತ್‌ಗಳನ್ನೂ ಫೋಮನ್ನೂ ಕಿತ್ತು, ತುದಿಗೆ ಅಗಲವಾದ ಬಾಗಿಲು ಇಟ್ಟು, ಮಳೆ ಬಂದಾಗ ನಾವು ಎಳೆದು ಇಳಿಸುತ್ತಿದ್ದ ಕಿಟಕಿಗಳ ಜಾಗಕ್ಕೆ ಉಕ್ಕಿನ ತಗಡು ಬಡಿದು ಬೆಸೆಯುತ್ತಾರೆ.